ಹಕಾರದ ಬಾಡಿಗೆ

ಕನ್ನಡದ ಒಂದೇ ಒಂದು ಅಕ್ಷರಕ್ಕೆ ನಾನು ತಿಂಗಳಿಗೆ ಎರಡು ಸಾವಿರ ರೂಪಾಯಿ ತೆತ್ತಿದ್ದೇನೆ. ಸಾರಕ್ಕಿ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡುವ ನಾನು! ಆ ಅಕ್ಷರ ‘ಹ’. ನಮ್ಮ ವಂಶದಲ್ಲಿ ಅದು ಯಾರ ಬಾಯಲ್ಲೂ ಇಲ್ಲ. ನನಗೂ ಬರೆಯುವಾಗ ಮಾತ್ರ ಬರುತ್ತದೆ. ತಾತ ‘ಒಲ’ ಉತ್ತರು, ಅಪ್ಪ ‘ಆಲು’ ಮಾರಿದರು, ನಾನು ಅದೇ ಜಾಗದಲ್ಲಿ ಮನೆಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟೆ. ಹಕಾರವಿಲ್ಲದೆ ಯಾರಿಗೂ ನಷ್ಟವಾಗಿರಲಿಲ್ಲ.

ನಷ್ಟವಾದದ್ದು ಮಗಳಿಗೆ. ಮೂರನೇ ಕ್ಲಾಸಿನಲ್ಲಿ ಎದ್ದುನಿಂತು ‘ಅಸು ಆಲು ಕೊಡುತ್ತದೆ’ ಎಂದು ಓದಿದಳು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಅಂದಿನಿಂದ ಶಾಲೆಯಲ್ಲಿ ಬಾಯಿ ಬಿಡಲಿಲ್ಲ. ಹಾಜರಿ ಕೂಗಿದರೂ ಕೈ ಎತ್ತುವುದಷ್ಟೇ.

ಆಗ ನೆನಪಾದವರು ನಮ್ಮ ಮೇಲಿನ ಮನೆಯ ಬಾಡಿಗೆದಾರರು, ನಿವೃತ್ತ ಕನ್ನಡ ಮೇಷ್ಟ್ರು. ಉಚ್ಚಾರಣೆಯ ವಿಷಯದಲ್ಲಿ ಅಂಥ ವಿಚಿತ್ರ ಮನುಷ್ಯ ಜೆ.ಪಿ. ನಗರದ ಯಾವ ಫೇಸಿನ ಯಾವ ರಸ್ತೆಯಲ್ಲೂ ಸಿಗಲಾರ. ಗಾಡಿಯವಳು ‘ಊವು’ ಎಂದು ಕೂಗಿದರೆ, ‘ಹೂವು ಅನ್ನಮ್ಮ, ಎರಡು ಮೊಳ ತಗೋತೀನಿ’ ಎನ್ನುವವರು. ನಾನು ಕೊಟ್ಟ ಬಾಡಿಗೆ ರಸೀದಿಯನ್ನೇ ಕೆಂಪು ಇಂಕಿನಲ್ಲಿ ತಿದ್ದಿ, ಹತ್ತಕ್ಕೆ ನಾಲ್ಕು ಅಂಕ ಹಾಕಿ ವಾಪಸ್ ಕಳಿಸಿದವರು.

“ಮೇಷ್ಟ್ರೇ, ಮಗೀಗೆ ಅಕಾರ ಏಳ್ಕೊಡಿ. ಬಾಡ್ಗೇಲಿ ಸಾವ್ರ ಮುರ್ಕೊಳಿ” ಎಂದೆ.

“ಎರಡು ಸಾವಿರ, ಓನರ್ರೇ. ನಿಮ್ಮ ಮನೇಲಿ ಆ ಅಕ್ಷರದ ಸ್ಟಾಕೇ ಇಲ್ಲ.”

ಜೀವನದಲ್ಲಿ ಮೊದಲ ಸಲ ಹೇಳಿದ ರೇಟಿಗೆ ಒಪ್ಪಿದೆ.

ಮೊದಲ ದಿನ ಮೆಟ್ಟಿಲ ಮೇಲೆ ನಿಂತು ಕಿವಿಗೊಟ್ಟೆ. ಮೇಷ್ಟ್ರು ರಾಗವಾಗಿ ಓದುತ್ತಿದ್ದರು: “ಅಸು ಆಲು ಕೊಡುತ್ತದೆ. ಆವು ಅರಿದು ಓಯಿತು.”

ಬಾಗಿಲು ತಳ್ಳಿದೆ. “ಏನ್ ಮೇಷ್ಟ್ರೇ, ನಾನ್ ಕೊಳ್ಳಕ್ ಬಂದ್ರೆ ನಿಮ್ಮತ್ರ ಇದ್ದಿದ್ದೂ ಕಾಲಿಯಾಗೋಯ್ತಾ?”

ಅವರು ನನ್ನನ್ನು ಹೊರಗೆ ಕರೆತಂದರು. “ಬೀಗ ಹಾಕಿರೋ ಮನೆಗೆ ಒಳಗಡೆ ಬಣ್ಣ ಹೊಡೆಯೋಕಾಗುತ್ತಾ, ಓನರ್ರೇ? ಮೊದಲು ಅವಳು ಬಾಗಿಲು ತೆಗೀಲಿ. ತಪ್ಪು ಮಾಡೋರು ಇನ್ನೊಬ್ರು ಇದಾರೆ ಅಂತ ಗೊತ್ತಾದ್ರೆ ತೆಗೀತಾಳೆ.”

ಇದು ಯಾವ ಊರಿನ ಶಿಕ್ಷಣ? ದುಡ್ಡು ಕೊಟ್ಟು, ಬಿಲ್ಡಿಂಗಿನಲ್ಲಿದ್ದ ಒಂದೇ ಶುದ್ಧ ಬಾಯನ್ನೂ ಕೆಡಿಸಿದೆನಲ್ಲ ಎಂದು ನನಗೆ ರಾತ್ರಿ ಊಟ ಸೇರಲಿಲ್ಲ. ದಿನ ಕಳೆದಂತೆ ಮೇಲಿನಿಂದ ಮಗಳ ನಗು ಕೇಳಿಸಿತು. ಆಮೇಲೆ ಮೇಷ್ಟ್ರಿಗೆ ಅವಳದೇ ಗದರಿಕೆ: “ತಾತಾ, ಹಾ ಅನ್ನಿ. ಗಾಳಿ ಬಿಡಿ.” ಶಾಲೆಯಲ್ಲಿ ಮಾತ್ರ ಅದೇ ಮೌನ.

ಒಂದು ಭಾನುವಾರ ಜಯನಗರದಲ್ಲಿ ಮೇಷ್ಟ್ರಿಗೆ ಹಳೆಯ ಶಿಷ್ಯರಿಂದ ಸನ್ಮಾನ. ನನ್ನನ್ನೂ ಮಗಳನ್ನೂ ಕರೆದೊಯ್ದರು. ಶಿಷ್ಯರು ‘ನಾಲಿಗೆ ತಿದ್ದಿದ ಗುರುಗಳು’ ಎಂದು ಹೊಗಳಿ ಶಾಲು ಹೊದಿಸಿದರು. ಮೇಷ್ಟ್ರು ಮೈಕಿನ ಮುಂದೆ ಬಂದು ಗಂಟಲು ಸರಿಮಾಡಿಕೊಂಡು, “ಮಾನ್ಯ ಇರಿಯರೇ” ಎಂದರು.

ಹಿರಿಯರೆಲ್ಲ ಚೂರಿ ಹಿಡಿದು ಇರಿಯುವವರಾದರು! ಸಭೆ ಗೊಳ್ಳೆಂದು ನಕ್ಕಿತು. ಮೇಷ್ಟ್ರ ಮುಖ ಕೆಂಪಾಯಿತು. ನಾನು ಕುರ್ಚಿಯಲ್ಲೇ ಮುದುಡಿದೆ.

ಪಕ್ಕದ ಕುರ್ಚಿ ಸರಿದ ಸದ್ದಾಯಿತು. ಅಷ್ಟು ಜನರ ನಡುವೆ ಮಗಳು ಎದ್ದುನಿಂತಿದ್ದಳು.

“ನಗಬೇಡಿ. ತಾತಂಗೆ ಹ ಬರಲ್ಲ. ನಾನು ಹೇಳ್ಕೊಡ್ತಾ ಇದೀನಿ.”

ವಾಪಸ್ ಬರುವಾಗ ಕಾರಿನಲ್ಲಿ ಕೇಳಿದೆ: “ಬೇಕಂತ್ಲೇ ಅಂದ್ರಾ, ಮೇಷ್ಟ್ರೇ?”

ಅವರು ನಿದ್ದೆಹೋಗಿದ್ದ ಮಗಳಿಗೆ ಸನ್ಮಾನದ ಶಾಲು ಹೊದಿಸುತ್ತಿದ್ದರು. “ಇಲ್ಲ, ಓನರ್ರೇ. ಅಭ್ಯಾಸ ಆಗ್ಬಿಟ್ಟಿದೆ.”

ಮಾರನೆಯ ದಿನ ಹಾಜರಿಗೆ ಅವಳು ಕೈ ಎತ್ತಲಿಲ್ಲವಂತೆ, ಬಾಯಿ ಬಿಟ್ಟು ಉತ್ತರ ಕೊಟ್ಟಳಂತೆ.

ಮನೆ ಬಾಡಿಗೆಗೆ ಕೊಡುವವರೇ, ಇಂಥವರು ಸಿಕ್ಕರೆ ಬಾಡಿಗೆ ಏರಿಸಬೇಡಿ, ಖಾಲಿ ಮಾಡಿಕೊಂಡು ಹೋದಾರು. ಮಕ್ಕಳಿರುವವರೇ, ಓದುವಾಗ ಮಗು ಎಡವಿದರೆ ತಕ್ಷಣ ತಿದ್ದಬೇಡಿ. ಪಕ್ಕದಲ್ಲಿ ಕೂತು ನೀವೂ ಒಂದು ಸಲ ಎಡವಿ.