ಮೊರಾಕೋಗೆ ಬುತ್ತಿ

ಭಾನುವಾರ ಬೆಳಿಗ್ಗೆ ಶ್ರೀಶೈಲ ಚಳಿಗೆ ಮುನಿಸಿಕೊಂಡ ಸ್ಕೂಟರ್‌ಗೆ ಕಿಕ್ ಹೊಡೆದು ಹೊಡೆದು ಸುಸ್ತಾಗಿದ್ದ. ಅಷ್ಟರಲ್ಲಿ ಹೆಂಡತಿ ಕಲಾವತಿ ಫೋನು ಹಿಡಿದು ಓಡಿ ಬಂದಳು.

"ಮಹಡಿ ಮನೆ ಫಕೀರೇಶ್ ನೋಡ್ರೀ, ಮೊರಾಕೋ ಬೆಟ್ಟದಲ್ಲಿ! ಈ ಚಳೀಲಿ, ಬೈಕಲ್ಲಿ! ಗಂಡಸು ಅಂದ್ರೆ ಹಿಂಗಿರ್ಬೇಕು."

ಫೋಟೋದಲ್ಲಿ ಮಂಡಿಯುದ್ದ ಹಿಮ, ಆನೆಮರಿಯಂಥ ಬೈಕು, ಪಕ್ಕದಲ್ಲಿ ಕೈಕಟ್ಟಿ ನಿಂತ ಫಕೀರೇಶ. ಶ್ರೀಶೈಲನ ಹೊಟ್ಟೆಯೊಳಗೆ ಒಗ್ಗರಣೆ ಸಿಡಿಯಿತು. ಮದುವೆಯಾದಾಗಿನಿಂದ ಅವಳು ಗಂಡನ ಫೋಟೋವನ್ನು ಹೀಗೆ ಬೆರಳಲ್ಲಿ ಹಿಗ್ಗಿಸಿ ನೋಡಿದ್ದು ಒಂದೇ ಸಲ, ಆಧಾರ್ ಕಾರ್ಡಿನಲ್ಲಿ ಗುರುತು ಸಿಗದಿದ್ದಾಗ.

"ಅದೇನ್ ಮಹಾ! ಮುಂದಿನ ವಾರ ನಾನೂ ಹೋಗ್ತಾ ಇದೀನಿ. ಅಲ್ಲಿಗೇ."

ಆ ಮಾತು ತಾನಾಗಿ ಮೆಟ್ಟಿಲು ಹತ್ತಿತು. ಸ್ವಲ್ಪ ಹೊತ್ತಿಗೆ ಫಕೀರೇಶನ ತಾಯಿ ಗುರವ್ವ ಗಂಟು ಹೊತ್ತು ಇಳಿದು ಬಂದರು. ಗದಗಿನವರು. ಯಾರೇ ಮಗನಿರುವ ಊರಿಗೆ ಹೊರಟರೂ ಅವರ ಕೈಯಲ್ಲಿ ಬುತ್ತಿ ಹೋಗಲೇಬೇಕು.

"ಖಡಕ್ ರೊಟ್ಟಿ ಅದಾವಪ್ಪಾ, ಶೇಂಗಾ ಹಿಂಡಿ ಐತಿ. ನಮ್ಮ ಫಕೀರೇಶಗ ಮುಟ್ಟಸು. ಮುರೀಬ್ಯಾಡ ಮತ್ತ."

"ಅಮ್ಮಾ, ಅದು ದೊಡ್ಡ ದೇಶ..."

"ಇರ್ಲಿ ಬಿಡು. ಕೇಳ್ಕೊಂತ ಹೋದ್ರ ಯಾರರ ತೋರಸ್ತಾರ."

ಎದುರುಮನೆ ಗಿರಿಜಾದೇವಿ ಕಷಾಯದ ಪುಡಿ ತಂದರು. ಕಲಾವತಿ ಇಬ್ಬರಿಗೂ ಕಾಫಿ ಕೊಡುತ್ತಾ, "ನಮ್ಮನೆಯವ್ರು ಹಂಗೇ, ಹೇಳೋದಿಲ್ಲ, ಮಾಡ್ಬಿಡ್ತಾರೆ" ಅಂದಳು. ಮುಖ ದೀಪದ ಹಾಗಿತ್ತು. ಅದನ್ನು ಆರಿಸುವ ಧೈರ್ಯ ಶ್ರೀಶೈಲನಿಗೆ ಬರಲಿಲ್ಲ.

ಉಳಿದದ್ದು ಒಂದೇ ದಾರಿ. ಕುಂಟುವವನನ್ನು ಯಾರೂ ಮೊರಾಕೋಗೆ ಕಳಿಸುವುದಿಲ್ಲ. ಮಧ್ಯಾಹ್ನ ಕುರುಬರಹಳ್ಳಿಯಲ್ಲಿ ಒಂದು ಒಳ್ಳೆ ಹಂಪ್ ಆರಿಸಿ, ಅದರ ಮೇಲೆ ಸ್ಕೂಟರ್ ಹತ್ತಿಸಿ, ಮೆಲ್ಲಗೆ ವಾಲಿದ. ಅವನು ವಾಲಿದ್ದು ಮೆಲ್ಲಗೇ. ಸ್ಕೂಟರ್ ಮಾತ್ರ ಮನಸಾರೆ ಅವನ ಮೇಲೆ ಬಿತ್ತು. ಕಾಲಿಗೆ ನಿಜವಾದ ಪ್ಲಾಸ್ಟರೇ ಬಿತ್ತು.

ಸಂಜೆ ಆಟೋ ಇಳಿದರೆ ಮನೆ ಖಾಲಿ. ಗದ್ದಲವೆಲ್ಲ ಮಹಡಿಯಲ್ಲಿ. ಕುಂಟುತ್ತ ಹತ್ತಿ ನೋಡಿದ. ಸೋಫಾದ ಮೇಲೆ ಫಕೀರೇಶ, ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬುಗಳ ಮೇಲಿಟ್ಟು!

"ಹಿಮದಲ್ಲಿ ಬೈಕ್ ಜಾರಿತಂತೆ ರೀ," ಕಲಾವತಿಯ ಕಣ್ಣು ತುಂಬಿತ್ತು. "ಅಮ್ಮ ಗಾಬರಿಯಾಗ್ತಾರೆ ಅಂತ ಹಳೇ ಫೋಟೋ ಹಾಕಿ, ಹೇಳ್ದೆ ಬಂದಿದಾರೆ." ಆಮೇಲೆ ಗಂಡನ ಕಾಲು ಕಂಡಿತು. "ನಿಮಗೇನಾಯ್ತು?"

"ಕುರುಬರಹಳ್ಳಿ... ಹಂಪ್."

ಗಿರಿಜಾದೇವಿ ಸೆರಗು ಬಾಯಿಗಿಟ್ಟುಕೊಂಡರು.

ಹೆಂಗಸರು ಅಡುಗೆಮನೆಗೆ ಹೋದಾಗ ಫಕೀರೇಶ ಪಿಸುಗುಟ್ಟಿದ: "ನಿಮ್ಮದೇ ವಾಸಿ ಸಾರ್. ಗಾಡಿ ಓಡಿಸ್ತಾ ಬಿದ್ರಿ. ನಾನು ಜಾರಿದ್ದು ಹೋಟ್ಲು ಬಾತ್‌ರೂಮಲ್ಲಿ. ಆ ಬೈಕೂ ಯಾರದ್ದೋ. ಹೇಳ್ಬಿಟ್ಟೀರಾ ಮತ್ತೆ."

ಬೆಳಗಿನಿಂದ ಉರಿಯುತ್ತಿದ್ದ ಶ್ರೀಶೈಲನ ಹೊಟ್ಟೆ ಮೊದಲ ಸಲ ತಣ್ಣಗಾಯಿತು.

"ಕೇಳ್ರೀ ಎಲ್ಲಾ! ಇವ್ರು ಬಿದ್ದಿದ್ದು ಬಾತ್‌ರೂಮಲ್ಲಿ!"

ಮೂವರೂ ಹೊರಗೆ ಬಂದರು. ಫಕೀರೇಶ ನೋವಿನ ಮುಖ ಮಾಡಿ ಕಣ್ಣು ಮುಚ್ಚಿದ.

"ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಕು ರೀ," ಕಲಾವತಿ ಹಲ್ಲು ಕಚ್ಚಿದಳು. "ಹೋಗಿ, ಕೆಳಗಿರೋ ಬುತ್ತಿ ತಗೊಂಡ್ಬನ್ನಿ. ಅವ್ರಿಗೆ ಹಸಿವಾಗಿದೆ."

ಶ್ರೀಶೈಲ ಒಂದೊಂದೇ ಮೆಟ್ಟಿಲು ಇಳಿದ. ಗಂಟು ಹೊತ್ತು ಒಂದೊಂದೇ ಮೆಟ್ಟಿಲು ಹತ್ತಿದ.

ಮೇಲಿನಿಂದ ಗುರವ್ವ ಕಾಳಜಿಯಿಂದ ಕೂಗಿದರು: "ಸಾವಕಾಶ ಬಾರಪ್ಪಾ! ರೊಟ್ಟಿ ಮುರದಾವು."