ಟೋಕಿಯೋದ ನಾದಿನಿಯೂ ಹೊಗೆಸೌನಾದ ಮುಹೂರ್ತವೂ

"ನಾಳೆ ನಿನ್ನ ತಂಗಿ ಅಂಗಳಕ್ಕೆ ಕಾಲಿಡೋದಕ್ಕೂ ನಮ್ಮ ಹೊಗೆಸೌನಾ ಹದಕ್ಕೆ ಬರೋದಕ್ಕೂ ರೆಪ್ಪೆ ಬಡಿಯುವಷ್ಟು ವ್ಯತ್ಯಾಸ ಇದ್ದರೆ ಕೇಳು!" ಎಂದು ಅಹ್ತಿ ಮೇಜು ಗುದ್ದಿ ಪ್ರತಿಜ್ಞೆಗೈದನು.

ಸೌನಾ ಎಂದರೆ ಕಾದ ಕಲ್ಲುಗಳಿಗೆ ನೀರೆರಚಿ, ಏಳುವ ಹಬೆಯಲ್ಲಿ ಮೀಯುವ ಮನೆ. ಪ್ರತಿಜ್ಞೆಗೆ ಕಾರಣವಿತ್ತು. ಕಳೆದ ಬೇಸಿಗೆಯಲ್ಲಿ ಟೋಕಿಯೋದಿಂದ ಬಂದಿದ್ದ ನಾದಿನಿ ಟೆಲ್ಲೆರ್ವೊ ಇದೇ ಸೌನಾದ ಉಗುರುಬೆಚ್ಚಗಿನ ಕಲ್ಲುಗಳಿಗೆ ನೀರೆರಚಿ, "ಭಾವ, ನಿಮ್ಮ ಕಲ್ಲಿಗೆ ನೆಗಡಿಯಾಗಿದೆ" ಎಂದಿದ್ದಳು. ಮತ್ತೆ ಹಾಗಾದರೆ ಪಕ್ಕದ ಮನೆಯ ಓಯ್ವನ ಸೌನಾಕ್ಕೆ ಹೋಗುವುದಾಗಿ ಬೆದರಿಸಿಯೂ ಇದ್ದಳು. ಮನೆಗೆ ಬಂದ ನೆಂಟರು ನೆರೆಯವನಲ್ಲಿ ಮೀಯುವುದೆ! ಆ ಸರೋವರದ ದಂಡೆಯಲ್ಲಿ ಅದಕ್ಕಿಂತ ಘೋರವಾದ ಮಾನಭಂಗವಿಲ್ಲ.

ಹೊಗೆಸೌನಾಕ್ಕೆ ಚಿಮಣಿಯಿಲ್ಲ. ಅರ್ಧ ದಿನ ಕಟ್ಟಿಗೆ ಉರಿಸಿ, ಹೊಗೆಯೆಲ್ಲ ಹೊರಟುಹೋದ ಬಳಿಕವೇ ಮನುಷ್ಯರಿಗೆ ಪ್ರವೇಶ. ಆದ್ದರಿಂದ ಅತಿಥಿಯ ಆಗಮನದ ಗಳಿಗೆ ತಿಳಿಯಲೇಬೇಕು.

ಹೆಂಡತಿ ಕೈಸು ಟಿಕೆಟ್ಟನ್ನು ಓದಿದಳು: "ಬೆಳಿಗ್ಗೆ ಒಂಬತ್ತಕ್ಕೆ ಟೋಕಿಯೋ ಬಿಡತ್ತೆ. ಸಂಜೆ ನಾಲ್ಕಕ್ಕೆ ಹೆಲ್ಸಿಂಕಿ. ಅಲ್ಲಿಂದ ನಮ್ಮನೆಗೆ ಎರಡು ಗಂಟೆ. ಆರಕ್ಕೆ ಬರ್ತಾಳೆ. ಇಷ್ಟೇ ಅಲ್ವೇನ್ರೀ?"

ಇಷ್ಟೇ! ಅಹ್ತಿ ಕರುಣೆಯಿಂದ ನಕ್ಕನು. ಗ್ಲೋಬನ್ನು ಇಳಿಸಿ, ಗಾಳದ ದಾರವನ್ನು ಎರಡು ನಗರಗಳ ನಡುವೆ ಬಿಗಿದು ಹಿಡಿದನು.

"ಇಷ್ಟು ದೂರ ಏಳೇ ಗಂಟೇಲಿ ಬರೋಕೆ ವಿಮಾನಕ್ಕೇನು ದೆವ್ವ ಹಿಡಿದಿದೆಯಾ? ಸುತ್ತು ಹಾಕ್ಕೊಂಡು ಬರೋದಕ್ಕೆ ಹದಿಮೂರು ಗಂಟೆ ಬೇಕು. ಒಂಬತ್ತಕ್ಕೆ ಹದಿಮೂರು ಕೂಡಿಸು. ರಾತ್ರಿ ಹತ್ತು!"

"ಮತ್ತೆ ನಾಲ್ಕು ಅಂತ ಬರೆದಿದ್ದಾರಲ್ಲ?"

"ಎರಡೂರ ಗಡಿಯಾರಕ್ಕೆ ಆರು ಗಂಟೆ ವ್ಯತ್ಯಾಸ. ನಾಲ್ಕಕ್ಕೆ ಆರು ಕೂಡಿಸು. ಎಷ್ಟಾಯ್ತು?"

"ಹತ್ತು…"

"ನೋಡಿದೆಯಾ! ಯಾವ ದಾರೀಲಿ ಹೋದರೂ ಹತ್ತೇ! ಮನೆಗೆ ಬರುವಾಗ ಹನ್ನೆರಡು."

"ಆ ಆರನ್ನ ಕೂಡಬೇಕೋ, ಕಳೀಬೇಕೋ? ಇಲ್ಲಾ, ಅವರೇ ಕಳೆದು ಬರೆದಿದ್ದಾರೋ?"

ಈ ಒಂದು ಪ್ರಶ್ನೆ ಅಹ್ತಿಯ ನಿದ್ರೆಯನ್ನು ನುಂಗಿತು. ಕೂಡಿದರೆ ನಡುರಾತ್ರಿ, ಕಳೆದರೆ ನಡುಹಗಲು, ಕೂಡಿ ಕಳೆದರೆ ಹೆಂಡತಿ ಹೇಳಿದ್ದೇ ನಿಜವಾಗುವ ಅಪಾಯ! ಸೂರ್ಯನನ್ನು ಕೇಳೋಣವೆಂದರೆ, ಜೂನ್ ತಿಂಗಳಲ್ಲಿ ಆತ ಹಗಲೆನ್ನದೆ ಇರುಳೆನ್ನದೆ ಕಿಟಕಿಯಲ್ಲೇ ನಿಂತಿರುತ್ತಾನೆ. ಭಗವಂತನು ಈ ಭೂಮಿಯನ್ನು ಹಲಗೆಯಂತೆ ಚಪ್ಪಟೆಯಾಗಿ ಸೃಜಿಸಿದ್ದರೆ ಆತನಿಗೇನು ನಷ್ಟವಿತ್ತು? ಕೊನೆಗೆ, ಎರಡು ಸಲ ಬಂದ ಉತ್ತರ ಸುಳ್ಳಾಗದೆಂದು ನಿಶ್ಚಯಿಸಿ, ಮರುದಿನ ಸಂಜೆ ಐದಕ್ಕೆ ಒಲೆಗೆ ಬೆಂಕಿಯಿಟ್ಟನು.

ಆರಕ್ಕೆ ಬಾಗಿಲಿನಿಂದ ಕಾರ್ಮೋಡದಂತೆ ಹೊಗೆ ಉರುಳುತ್ತಿತ್ತು. ಅಹ್ತಿ ಮಂಡಿಯೂರಿ ಊದುತ್ತಿದ್ದನು. ಟ್ಯಾಕ್ಸಿಯೊಂದು ಬಂದು ನಿಂತಿತು.

"ಭಾವಾ! ಬೆಂಕಿ ಬಿದ್ದಿರೋದು ಸೌನಾಕ್ಕೋ, ನಿಮಗೋ?"

"ನೀನಾ! ನೀನು ಬರಬೇಕಾದ್ದು ಹನ್ನೆರಡಕ್ಕಲ್ವಾ?"

ಟೆಲ್ಲೆರ್ವೊ ಟೋಕಿಯೋ ಬಿಟ್ಟ ಮೇಲೆ ಗಡಿಯಾರದ ಮುಳ್ಳು ತಿರುಗಿಸಿರಲಿಲ್ಲ. ಮಣಿಕಟ್ಟನ್ನು ಅವನ ಮೂಗಿನೆದುರು ಹಿಡಿದಳು. ಎರಡು ಮುಳ್ಳುಗಳೂ ಹನ್ನೆರಡರಲ್ಲಿ ಅಪ್ಪಿಕೊಂಡಿದ್ದವು!

"ಸರಿಯಾಗಿ ಹನ್ನೆರಡಕ್ಕೇ ಬಂದಿದ್ದೀನಿ. ನಿಮ್ಮ ಲೆಕ್ಕದಲ್ಲಿ ತಪ್ಪೇನಿಲ್ಲ ಭಾವ, ಊರು ಮಾತ್ರ ಬೇರೆ."

"ನಮ್ಮದು ಕಾದಿದೆ, ಬನ್ರಮ್ಮಾ!" ಬೇಲಿಯಾಚೆಯಿಂದ ಓಯ್ವನ ದನಿ ಸಕಾಲದಲ್ಲಿ ಕೇಳಿಬಂತು. ಅಕ್ಕತಂಗಿಯರು ಟವೆಲು ಹೆಗಲಿಗೇರಿಸಿದರು.

"ಹೋಗೋರು ಹೋಗಿ. ನಾನಂತೂ ಅವನ ಸೌನಾದೊಳಗೆ ಕಾಲಿಡೋದಿಲ್ಲ!" ಎಂದು ಅಹ್ತಿ ಎದೆ ಸೆಟೆಸಿದನು.

ಕೈಸು ಗಂಡನ ಮುಡಿಯಿಂದ ಅಡಿಯವರೆಗಿನ ಮಸಿಯನ್ನು ಸಾವಧಾನವಾಗಿ ಅವಲೋಕಿಸಿ, ಮೂರನೆಯ ಟವೆಲನ್ನು ಅವನ ಕೈಗಿತ್ತಳು.

"ಈ ವೇಷದಲ್ಲಿ ನಮ್ಮನೆಯೊಳಗೂ ಕಾಲಿಡೋ ಹಾಗಿಲ್ಲ. ನಡೀರಿ!"