ಸೂರ್ಯನಿಗೆ ಅಂಕ ಕೊಡುವ ಷಡ್ಡಕರು

ನನ್ನ ಷಡ್ಡಕರು ಸಾಕ್ಷಾತ್ ಸೂರ್ಯನಿಗೇ ಅಂಕ ಕೊಡುವ ಮನುಷ್ಯ! ನೂರಕ್ಕೆ ನೂರು. ಬಣ್ಣವನ್ನು ಇದ್ದದ್ದು ಇದ್ದಂತೆ ತೋರಿಸುವುದರಲ್ಲಿ ಸೂರ್ಯನನ್ನು ಮೀರಿಸಿದವರಿಲ್ಲವಂತೆ. ಸಂಜೆಯಾಗುತ್ತಲೇ ಡ್ಯೂಟಿ ಮುಗಿಸಿ ಹೊರಟುಬಿಡುತ್ತಾನೆ ಎಂಬುದೊಂದೇ ದೂರು. ತಮ್ಮ ಜೇಬಿನ ಎಲ್‌ಇಡಿ ಟಾರ್ಚಿಗೆ ತೊಂಬತ್ತೇಳು ಕೊಟ್ಟುಕೊಂಡಿದ್ದಾರೆ. ನನ್ನ ಸೀರೆ ಅಂಗಡಿಯ ಟ್ಯೂಬ್‌ಲೈಟುಗಳಿಗೆ ಎಪ್ಪತ್ತು. "ಪಾಸ್ ಆಗ್ಯಾವ್ರಿ, ಆದ್ರ ಚಲೋ ಕಾಲೇಜಿನಾಗ ಸೀಟು ಸಿಗೂದಿಲ್ಲ" ಎಂದು ನನ್ನ ಗಿರಾಕಿಗಳ ಎದುರಿಗೇ ಹೇಳಿದ್ದಾರೆ.

ಷಡ್ಡಕರೆಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಒಂದೇ ಮನೆಯ ಇಬ್ಬರು ಅಳಿಯಂದಿರು ಪ್ರೀತಿಯಿಂದ ಇರುತ್ತಾರೆ ಎಂದು ಯಾರಾದರೂ ನಿಮಗೆ ಹೇಳಿದರೆ, ಅವರು ಒಬ್ಬಳೇ ಮಗಳಿದ್ದ ಮನೆಯಿಂದ ಹೆಣ್ಣು ತಂದಿರಬೇಕು. ನನಗಂತೂ ಅವರನ್ನು ಕಂಡರೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನು? ಅವರು ಪುಣೆಯ ಹಿಂಜವಾಡಿಯ ಒಂದು ಕಂಪನಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಾರೆ. ಆ ಟ್ರಾಫಿಕ್ಕಿನಲ್ಲಿ ಅರೆಜೀವವಾಗಿ ಮನೆಗೆ ಬಂದವರು ಚಹಾ ಕುಡಿದು ಮಲಗಬಾರದೆ? ಇಲ್ಲ, ಟಾರ್ಚುಗಳನ್ನು ಬಿಚ್ಚಿ, ಹಳೆಯ ಎಲ್‌ಇಡಿ ಕಿತ್ತು, ಹೊಸದನ್ನು ಬೆಸುಗೆ ಹಾಕುತ್ತಾ ಕೂರುತ್ತಾರೆ.

ಒಂದು ದೀಪಾವಳಿಗೆ ನಾನು ಅತ್ತೆಯವರಿಗೆ ಅಂಗಡಿಗೆ ಬಂದ ಹೊಸ ಗಂಟಿನಿಂದ ಆರಿಸಿದ ಇಳಕಲ್ ಸೀರೆ ಕೊಟ್ಟೆ. ಷಡ್ಡಕರು ಕೈಬೀಸಿಕೊಂಡು ಬಂದಿದ್ದರು. ಒಳಗೊಳಗೇ ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಅವರು ಟಾರ್ಚು ತೆಗೆದು ಅತ್ತೆಯವರ ಮುಖದ ಮೇಲೆ ಬೆಳಕು ಬಿಟ್ಟರು.

"ಸಾದಾ ಎಲ್‌ಇಡಿನಾಗ ಕೆಂಪು ಸತ್ತಿರ್ತದ್ರಿ. ಎಲ್ಲಾರೂ ಮೂರು ದಿನ ಜ್ವರ ಬಂದವರಂಗ ಕಾಣ್ತಾರ. ಈಗ ನೋಡ್ರಿ ಅತ್ತಿಯವರ ಮಾರಿ!"

ಅತ್ತೆಯವರು ಕಪಾಟಿನ ಕನ್ನಡಿಯ ಮುಂದೆ ನಿಂತು ಆ ಕಡೆ ಈ ಕಡೆ ತಿರುಗಿದರು. "ನನಗ ಇನ್ನೂ ಇಷ್ಟು ಬಣ್ಣ ಅದನೇನು!" ಎಂದರು. ಎಪ್ಪತ್ತೆರಡರ ವಯಸ್ಸಿನಲ್ಲಿ ನಾಚಿದರು! ನನ್ನ ಸೀರೆ ಮಡಿಕೆ ಕೂಡ ಬಿಚ್ಚದೆ ಸೋಫಾದ ಮೇಲೆ ಬಿದ್ದಿತ್ತು.

ಸುಮ್ಮನಿರಲಾದೀತೆ? ಮರುವಾರವೇ ರಸ್ತೆ ಬದಿಯಿಂದ ಒಂದು ಟಾರ್ಚು ತಂದೆ. ಅದರ ಡಬ್ಬಿಯ ಮೇಲೆ ಲುಮೆನ್ ಎಂದು ಬೆಳಕಿನ ಅಳತೆ ಬರೆದು, ಜಾಗ ಇರುವಷ್ಟೂ ಸೊನ್ನೆ ತುಂಬಿದ್ದರು. ಜೇಜುರಿಯ ಖಂಡೋಬಾನ ದರ್ಶನಕ್ಕೆ ಮನೆಮಂದಿಯೆಲ್ಲ ಹೊರಟಾಗ, ಸೂರ್ಯ ಇನ್ನೂ ಡ್ಯೂಟಿಗೆ ಬರುವ ಮೊದಲೇ, ಮೆಟ್ಟಿಲ ಬುಡದಲ್ಲಿ ನಿಂತು ಒತ್ತಿದೆ. ಮೆಟ್ಟಿಲ ಸಾಲೆಲ್ಲ ಬೆಳಗಿತು! ಮಂದಿ ತಿರುಗಿ ನೋಡಿದರು. ನನ್ನ ಹೆಂಡತಿ ಕೂಡ ನೋಡಿದಳು. ನಲವತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ಟಾರ್ಚು ಕಾದ ಹಂಚಾಯಿತು. ಅರವತ್ತಕ್ಕೆ ಮಂಕಾಯಿತು. ನೂರಕ್ಕೆ ಮುಗಿಯಿತು.

"ಕರೆಂಟು ಎರಡು ಪಟ್ಟು ಕೊಟ್ರ ಬೆಳಕು ಎರಡು ಪಟ್ಟು ಬರೂದಿಲ್ರಿ," ಷಡ್ಡಕರು ಮೆಟ್ಟಿಲು ಹತ್ತುತ್ತಲೇ ಪಾಠ ಶುರುಮಾಡಿದರು. "ಉಳಿದದ್ದೆಲ್ಲಾ ಬಿಸಿ ಆಗಿ ಹೋಗ್ತದ. ಖರೇ ಬಣ್ಣ ಬೇಕಂದ್ರ ಬೆಳಕು ಸ್ವಲ್ಪ ಬಿಟ್ಟುಕೊಡಬೇಕು. ನಾ ಒಂದು ಆಂಪಿಯರ್ ದಾಟೂದಿಲ್ಲ. ಒಳ್ಳೆ ಟಾರ್ಚು ಬಿಸಿ ಆದ್ರ ತಾನಾ ಬೆಳಕು ಇಳಿಸ್ಕೋತದ. ಅದಕ್ಕೂ ಮರ್ಯಾದಿ ಗೊತ್ತಿರ್ತದ್ರಿ."

ಮರ್ಯಾದೆಯ ಮಾತು ಯಾರಿಗೆ ಅಂತ ನನಗೆ ಅರ್ಥವಾಗಲಿಲ್ಲವೆ! ಅವರ ಟಾರ್ಚಿನ ಸಣ್ಣ ಬೆಳಕಿನಲ್ಲಿ ಮೆಟ್ಟಿಲ ಮೇಲೆ ಚೆಲ್ಲಿದ್ದ ಭಂಡಾರದ ಅರಿಶಿನ ಆಗತಾನೇ ಕುಟ್ಟಿದಂತೆ ಹೊಳೆಯುತ್ತಿತ್ತು. ಮನೆಮಂದಿಯೆಲ್ಲ ಅವರ ಹಿಂದೆ ನಡೆದರು. ನಾನೂ ನಡೆದೆ, ಬೇರೆ ದಾರಿ ಇರಲಿಲ್ಲ.

ಇಷ್ಟನ್ನೂ ನುಂಗಿಕೊಂಡೇನು. ಆದರೆ ಅವರು ಅಂಗಡಿಗೆ ಬಂದರು. ಅಲ್ಲಿ ನನಗೊಂದು ಹೆಸರಿದೆ. ಮೂವತ್ತು ವರ್ಷ ಸೀರೆ ಬಿಡಿಸಿದ ಕಣ್ಣು ಇದು. ನವಿಲು ನೀಲಿಗೂ ಮಯೂರ ಹಸಿರಿಗೂ ನಡುವಿನ ಕೂದಲೆಳೆ ವ್ಯತ್ಯಾಸ ಗೊತ್ತು. ಹಾಗಿದ್ದರೂ ಪುಣೆಯ ಹೆಂಗಸರು ಅಂಗಡಿಯ ಬೆಳಕನ್ನು ನಂಬುವುದಿಲ್ಲ. ಸೆರಗು ಹಿಡಿದು ಹೊಸ್ತಿಲಿಗೆ ಹೋಗಿ, ಬಿಸಿಲಲ್ಲಿ ನೋಡಿ, ತಲೆಯಾಡಿಸಿದ ಮೇಲೆಯೇ ವ್ಯಾಪಾರ. ಕಳೆದ ವರ್ಷದಿಂದ ಶನಿವಾರ ಸಂಜೆ ಆ ಹೊಸ್ತಿಲ ಕೆಲಸವನ್ನು ಷಡ್ಡಕರು ವಹಿಸಿಕೊಂಡರು. ಗಿರಾಕಿಗಳು ಒಳಗೆ ಬರುತ್ತಲೇ "ಟಾರ್ಚ್‌ವಾಲೇ ಕಾಕಾ" ಎಲ್ಲಿ ಎಂದು ಕೇಳತೊಡಗಿದರು. ಅಂಗಡಿ ನನ್ನದು, ಕಾಕಾ ಅವರು!

ಅದಕ್ಕಿಂತ ಉರಿಯುವ ಸಂಗತಿ ಬೇರೆ ಇತ್ತು. ಒಂದು ಆಂಪಿಯರ್ ದಾಟೂದಿಲ್ಲ ಎಂದವರು ನನ್ನ ಅಂಗಡಿಯಲ್ಲಿ ಮಾತ್ರ ಟಾರ್ಚನ್ನು ಪೂರಾ ಜೋರು ಮಾಡುತ್ತಿದ್ದರು. ಕೈಗೆ ಕರವಸ್ತ್ರ ಸುತ್ತಿಕೊಂಡು, ಮಂಗಳಾರತಿ ಹಿಡಿದ ಪೂಜಾರಿಯಂತೆ, ಗಿರಾಕಿಯ ಕಡೆಗಲ್ಲ, ನನ್ನ ಕಡೆಗೆ ಬಾಗಿ! ಮೆರೆಯುವುದಕ್ಕೂ ಒಂದು ಮಿತಿ ಬೇಡವೆ?

ಒಂದು ಶನಿವಾರ ನಿಶ್ಚಿತಾರ್ಥಕ್ಕೆ ಸೀರೆ ಆರಿಸಲು ಒಂದು ಕುಟುಂಬ ಬಂತು. ಹುಡುಗಿಯ ತಾಯಿ ಕಡುನೀಲಿ ಕೇಳಿದರು. ಕಪಾಟಿನಿಂದ ಎಳೆದು, ಝಳಪಿಸಿ ಹಾಸಿದೆ.

"ಅಹೋ, ಹೀ ತರ ಕಾಳೀ ಆಹೇ!" ಆಕೆ ಸೀರೆಯಿಂದ ಕೈ ಹಿಂದೆಗೆದರು.

ಕಪ್ಪಂತೆ! ಇಲ್ಲಿ ಸಂಕ್ರಾಂತಿಗೆ ಕಪ್ಪು ಸೀರೆಯೇ ಬೇಕು, ಶುಭಕಾರ್ಯಕ್ಕೆ ಕಪ್ಪು ಎದುರಿಗೂ ಬರಬಾರದು. ನನಗೆ ಅದು ನೀಲಿಯಾಗಿಯೇ ಕಾಣುತ್ತಿತ್ತು. ವಾದಕ್ಕೆ ಬಾಯಿ ತೆರೆದೆ. ಷಡ್ಡಕರು ಓಡಿಬಂದು ಟಾರ್ಚು ಬಿಟ್ಟರು. ಆ ಬೆಳಕಿನಲ್ಲಿ ಸೀರೆ ಕಾಡಿಗೆ ಕಪ್ಪಾಗಿ ಮಲಗಿತ್ತು.

"ಇವರದೇನೂ ತಪ್ಪಿಲ್ರಿ ಬಾಯಿ," ಅವರು ಆಕೆಗೆ ಮರಾಠಿಯಲ್ಲಿ ಸಮಾಧಾನ ಹೇಳಿದರು. "ಎಲ್ಲಾ ಟ್ಯೂಬ್‌ಲೈಟಿನ ತಪ್ಪು." ಮತ್ತೆ ತಾವೇ ಹುಡುಕಿ ಕಡುನೀಲಿ ತೆಗೆದುಕೊಟ್ಟರು. ಆಕೆ ಕೊಂಡರು, ನಕ್ಕರು, ಅವರಿಗೆ ಕೈಮುಗಿದು ಹೋದರು. ನನಗಲ್ಲ.

ಸಿಟ್ಟು ನೆತ್ತಿಗೇರಿತು. "ನಾಳಿಂದ ಅಂಗಡಿಗೆ ಬರಬ್ಯಾಡ್ರಿ. ನಿಮ್ಮ ಬೆಳಕು ನಿಮ್ಮ ಮನ್ಯಾಗ ಇರ್ಲಿ" ಎಂದುಬಿಟ್ಟೆ. ಅವರು ಟಾರ್ಚು ಆರಿಸಿ, ಕರವಸ್ತ್ರ ಮಡಿಚಿ ಜೇಬಿಗಿಟ್ಟು ಹೋದರು.

ಮುಂದಿನ ಎರಡು ಶನಿವಾರಗಳಲ್ಲಿ ಬಣ್ಣ ಬೇರೆ ಎಂದು ಐದು ಸೀರೆ ವಾಪಸ್ ಬಂದವು. ಹೆಂಡತಿ ನನ್ನನ್ನು ಆಟೋ ಹತ್ತಿಸಿ ಕಣ್ಣಿನ ಡಾಕ್ಟರರ ಬಳಿ ಕೂರಿಸಿದಳು. ಎರಡೂ ಕಣ್ಣಿಗೆ ಪೊರೆ! ಬಿಳಿ ಹಳದಿಯಾಗಿ, ನೀಲಿ ಕಪ್ಪು ಎರಡೂ ಒಂದೇ ಆಗಿ ಕಾಣುವುದು ಶುರುವಾಗಿ ವರ್ಷದ ಮೇಲಾಗಿರಬೇಕು ಎಂದರು ಡಾಕ್ಟರು. "ಇಷ್ಟು ದಿನ ಸೀರೆ ಹೇಗೆ ಮಾರಿದಿರಿ?" ಎಂದು ಕೇಳಿದರು. ಉತ್ತರ ನನಗೆ ಆ ಕುರ್ಚಿಯಲ್ಲೇ ಹೊಳೆಯಿತು: ನನ್ನ ಕಡೆಗೆ ಬಾಗುತ್ತಿದ್ದ ಆ ಟಾರ್ಚು.

ಎರಡನೆಯ ಕಣ್ಣಿನ ಆಪರೇಷನ್ ಆಗಿ, ಪಟ್ಟಿ ತೆಗೆದ ಮಧ್ಯಾಹ್ನ ಷಡ್ಡಕರು ಮನೆಗೆ ಬಂದರು. ಕಿತ್ತಳೆ ತಂದಿದ್ದರು, ಟಾರ್ಚು ಹೊರಗೆ ತೆಗೆಯಲಿಲ್ಲ. ಹಣ್ಣು ಕೊಡಲು ಚಾಚಿದ ಅಂಗೈಯಲ್ಲಿ ಒಂದು ದುಂಡನೆಯ ಕಲೆ ಕಂಡಿತು. ಸುಟ್ಟು ಮಾಗಿದ ಕಲೆ, ಟಾರ್ಚಿನ ಅಳತೆಯದು. ಬಣ್ಣ ಈರುಳ್ಳಿ ಸಿಪ್ಪೆಯದು. ಈಗ ಒಂದೇ ನೋಟಕ್ಕೆ ಗುರುತಿಸಿದೆ.

"ಏನ್ರಿ ಇದು?"

ಅವರು ಕೈ ಎಳೆದುಕೊಂಡರು. "ಒಂದು ಆಂಪಿಯರ್‌ನಾಗ ನಿಮಗ ನೀಲಿ ಕಪ್ಪು ಗುರ್ತ ಸಿಗ್ಲಿಲ್ರಿ. ಎರಡಕ್ಕೂ ಸಿಗ್ಲಿಲ್ಲ. ಐದಕ್ಕ ಸಿಗ್ತು. ಬಿಸಿ ಆದ ಕೂಡ್ಲೆ ಬೆಳಕು ತಾನಾ ಇಳೀತಿತ್ತಲ್ಲ, ಅದನ್ನ ತಗದುಹಾಕಿದ್ನಿ."

"ಬಾಯಿಬಿಟ್ಟು ಹೇಳಬಾರ್ದಿತ್ತೇನ್ರಿ?"

"ಹ್ಯಾಂಗ ಹೇಳ್ಲಿ? ಅಂಗಡಿ ನಿಮ್ಮದು, ಕಣ್ಣಿನ ಮ್ಯಾಲೆ ನಿಂತದ್ದು."

ಹೊಟ್ಟೆಕಿಚ್ಚು ಹೋಯಿತೆಂದುಕೊಂಡಿರಾ? ಇಲ್ಲ. ನಾನಾಗಿದ್ದರೆ ಅವರಿಗಾಗಿ ಕೈ ಸುಟ್ಟುಕೊಳ್ಳುತ್ತಿರಲಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು, ಅದಕ್ಕೇ ಇನ್ನಷ್ಟು ಉರಿಯಿತು. ಆ ದೀಪಾವಳಿಗೆ ಅತ್ತೆಯವರು ನನ್ನ ಸೀರೆ ಬಿಟ್ಟು ಅವರ ಬೆಳಕನ್ನು ಆರಿಸಿದ್ದು ಸರಿಯಾಗಿಯೇ ಇತ್ತಲ್ಲ ಎಂದು ಕಣ್ಣು ತುಂಬಿಬಂತು. ಡ್ರಾಪ್ಸ್ ಹಾಕಿದ್ದರಿಂದ ಎಂದು ಹೆಂಡತಿಗೆ ಹೇಳಿದೆ.

ಅವರು ಚಪ್ಪಲಿ ಮೆಟ್ಟುವಾಗ, "ಶನಿವಾರ ಅಂಗಡಿಗೆ ಬರ್ರಿ" ಎಂದೆ.

"ಇನ್ನ ಟಾರ್ಚು ಯಾಕ ಬೇಕ್ರಿ? ನಿಮಗ ಕಾಣ್ತದಲ್ಲ."

"ಟಾರ್ಚು ಮನ್ಯಾಗ ಇಟ್ಟು ಬರ್ರಿ."